ಗಂಟೆಗೆ ಮೂವತ್ತು

ಚೀಲ ಬಗ್ಗಿ ನೋಡಬೇಕು ಹುಲಿಗೆಮ್ಮ,
ನಿಂತು ನೋಡಿದರೆ ಗೆರೆ ಸುಳ್ಳು ಹೇಳುತೈತೆ.
ಮಂಡಿಯೂರು. ಕಣ್ಣು ಗೆರೆಯ ಸಮಕ್ಕೆ ತಾ.
ಗಂಟೆಗೆ ಮೂವತ್ತು ಎಂ.ಎಲ್. ಇಳಿದರೆ
ಈ ಅರವತ್ತು ಕೆಜಿ ಮನುಷ್ಯ
ಇನ್ನೂ ನಮ್ಮ ಲೆಕ್ಕದಾಗ ಅದಾನೆ.

ಹಾಸಿಗೆ ಆರು. ಹೊನ್ನೂರಸಾಬ, ನಲವತ್ತೆಂಟು.
ಕೌಲ್ ಬಜಾರಿನಾಗ ಜೀನ್ಸ್ ಹೊಲಿಯೋನು.
ಕರುಳು ತಿರುಚಿ ಕಪ್ಪಗಾಗಿತ್ತಂತೆ,
ಒಂದೂವರೆ ಮೊಳ ಕತ್ತರಿಸಿ
ತುದಿಗೆ ತುದಿ ಸೇರಿಸಿ ಹೊಲಿದಾರೆ ಮಧ್ಯಾಹ್ನ.
ಎಚ್ಚರಾದ ಕೂಡಲೆ ಕೇಳಿದ್ದೇನು ಗೊತ್ತಾ?
"ಎಷ್ಟನೇ ನಂಬರ್ ದಾರ ಹಾಕೀರಿ ಸಾಹೇಬ್ರೆ?"
ತಿಪ್ಪೇರುದ್ರ ಡಾಕ್ಟರು ನಕ್ಕರು.
ನಕ್ಕು, ನಂಬರನ್ನೂ ಹೇಳಿದರು.

ಹೊರಗೆ ಬಂಡೆಗುಡ್ಡ ಹಗಲೆಲ್ಲ ಕುಡಿದ ಬಿಸಿಲನ್ನ
ಈ ಹೊತ್ತಿನಾಗ ಕಕ್ಕುತೈತೆ.
ಒಳಗೆ ಎ.ಸಿ. ಚಳಿ.
ಹಾಗಂತ ಇವನ ಪಾದ ತಣ್ಣಗಿದ್ದರೆ
ತಪ್ಪು ಎ.ಸಿ. ಮೇಲೆ ಹಾಕಬೇಡ.
ಗ್ಲೌಸು ತೆಗೆದು ಕೈ ತೊಳೆದು ಮುಟ್ಟು.
ಹೆಬ್ಬೆರಳಿನಿಂದ ಮೊಣಕಾಲಿನ ತನಕ ಬಾ,
ತಣ್ಣಗಿದ್ದದ್ದು ಎಲ್ಲಿಗೆ ನಿಲ್ಲುತೈತೆ ನೋಡು.
ಉಗುರು ಒತ್ತಿ ಬಿಡು:
ಎರಡು ಎಣಿಸೋದರೊಳಗ ಕೆಂಪು ತಿರುಗಿ ಬರಬೇಕು.
ನಾಲ್ಕು ಎಣಿಸಿದೆಯಾ? ನಾನೂ.

ಪರದೆ ನೋಡಬೇಡ ಅಂತಲ್ಲ.
ಪರದೆ ನೋಡು, ಆಮೇಲೆ ಮನುಷ್ಯನ್ನ ನೋಡು,
ಮತ್ತೆ ಪರದೆ.
ಇಪ್ಪತ್ತಾರು ವರ್ಷದಾಗ ಒಂದು ಸಲ
ಬರೀ ಪರದೆ ನೋಡಿ ಸಹಿ ಹಾಕಿದ್ದೆ.
ಆ ಹೆಸರು ನಿನಗೆ ಹೇಳಲ್ಲ.

ಹತ್ತಕ್ಕೆ ನಾಡಿ ತೊಂಬತ್ತಾರು, ಮೂತ್ರ ಮೂವತ್ತೆರಡು.
ಹನ್ನೊಂದಕ್ಕೆ ನೂರಾ ಎಂಟು, ಹದಿನೆಂಟು.
ಈಗ ನೂರಾ ಇಪ್ಪತ್ತು, ಏಳು.
ಬಿ.ಪಿ. ನೂರಾ ಹನ್ನೆರಡು ಐತಲ್ಲಕ್ಕ ಅಂತೀಯ.
ಬಿ.ಪಿ. ಮಾನಸ್ಥ, ತಂಗಿ.
ಒಳಗೆ ಅಕ್ಕಿ ಮುಗಿದಿದ್ದರೂ
ಹೊಸ್ತಿಲಾಗ ನಿಂತು, ಊಟ ಆತು ಅಂತಾನೆ.
ನಾಡಿ ಹಂಗಲ್ಲ, ಮನೆಯ ಕೂಸು.
ಓಡಿಬಂದು ಬೀದಿಗೆಲ್ಲ ಹೇಳುತೈತೆ.

ಡ್ರೇನ್ ಖಾಲಿ. ಹೌದು, ಖಾಲಿ.
ಒಳಗೆ ಒಣಗೈತೆ ಅಂತ ಯಾರು ಹೇಳಿದರು?
ರಕ್ತ ಹೆಪ್ಪುಗಟ್ಟಿ ಕೊಳವೆ ಬಾಯಿ ಕಟ್ಟಿರಬಹುದು.
ಹೊಟ್ಟೆ ಮೇಲೆ ಅಂಗೈ ಇಡು.
ಎಂಟು ಗಂಟೆಗೆ ಇದು ಹಿಂಗಿರಲಿಲ್ಲ.

ಇವನ ಕೈ ನೋಡು.
ಹೊದಿಕೆಯ ಅಂಚು ಮಡಚುತಾನೆ, ಬಿಡುತಾನೆ,
ಮಡಚುತಾನೆ.
ಅಂಗಡಿಯ ಕನಸಿರಬೇಕು ಅಂತೀಯ.
ಇರಲಿ. ಆದರೆ ದಾರದ ನಂಬರ್ ಕೇಳಿದವನು
ಈಗ ನನ್ನ "ಅಮ್ಮೀ" ಅಂದ.
ನೀರು ಕೇಳಿದ.
ತುಟಿ ಒದ್ದೆ ಮಾಡು, ಅಷ್ಟೇ.
ಆಕ್ಸಿಜನ್ ಹಚ್ಚು. ಸಲೈನ್ ನಾನು ನೋಡ್ಕೋತೀನಿ.
ನೀನು ಫೋನ್ ಹಚ್ಚು.
"ಸಾರಿ ಸರ್, ತೊಂದರೆ ಕೊಟ್ಟೆ" ಅನ್ನಬೇಡ.
ಮೂರು ತಾಸಿನ ಅಂಕಿ ಹೇಳು, ಹೊಟ್ಟೆ ಹೇಳು, ಕೈ ಹೇಳು.
"ಬರ್ರಿ" ಅನ್ನು.
ಬ್ಲಡ್ ಬ್ಯಾಂಕಿಗೂ ಒಂದು ಹಚ್ಚು.

*

ಒಳಗೆ ಕಟ್ಟಿದ ಒಂದು ಗಂಟು ಜಾರಿತ್ತಂತೆ.
ಒಂದೇ ಗಂಟು. ಲೀಟರ್ ಮೇಲೆ ರಕ್ತ.
ಮೂರಕ್ಕೆ ವಾಪಸ್ಸು ತಂದರು,
ಬಾಯಾಗ ಟ್ಯೂಬು, ಕಣ್ಣಿಗೆ ಟೇಪು.
ಮಾತಾಡ್ಸಿಕೋತಲೇ ಮಗ್ಗುಲು ತಿರುಗಿಸು,
ಕೇಳಿಸೋದಿಲ್ಲ ಅಂತ ಅಂದ್ಕೋಬೇಡ.
ಹಿಮ್ಮಡಿ ಹಾಸಿಗೆಗೆ ಒತ್ತದಂಗ ನೋಡು.

ಬಾಗಿಲಾಗ ಮಾಬುನ್ನಿ,
ತಣ್ಣಗಾದ ಜೋಳದ ಗಂಜಿ ಹಿಡಕೊಂಡು.
ಆರಾಮಾಗ್ತಾನೆ ಅಂತ ನಾನು ಹೇಳಲಿಲ್ಲ.
ಈಗ ಬೆಚ್ಚಗದಾನೆ ಅಂದೆ.
ಕರಕೊಂಡು ಬಂದು ಪಾದ ಮುಟ್ಟಿಸಿದೆ.

ಗುಡ್ಡದ ತುದಿ ಕೆಂಪಾತು ನೋಡು.
ಆರು ಗಂಟೆ. ಬಗ್ಗು.
ಎಷ್ಟು?
ಇಪ್ಪತ್ತೆಂಟು.
ಬರಿ, ಇಪ್ಪತ್ತೆಂಟು.
ಎರಡೇ ಕಮ್ಮಿ ಅಂತ
ಮೂವತ್ತು ಬರೀಬೇಡ.